ಅರದಿಂದ ಸೆನ್ಸರ್‌ವರೆಗೆ

ತಿರುವನಂತಪುರದ ಪಟ್ಟಂಗೆ ಸಮೀಪದ ಪಿಎಂಜಿ ಕೂಡುರಸ್ತೆಯನ್ನು ದಾಟುವ ನಾವು, ತಿರುವಾಂಕೂರಿನ ಮೊದಲ ಎಂಜಿನಿಯರಿಂಗ್ ಕಾಲೇಜು 1939ರಲ್ಲಿ ಆರಂಭವಾದದ್ದು ಅಲ್ಲಿಯೇ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಶಾಖೆಗಳು ಅಂದಿನ ರೂಢಿಯಂತೆ ಬೇರೆಬೇರೆಯಾಗಿ ನಿಂತವು. ಯಂತ್ರ ಒಬ್ಬರ ಪಾಲಾಯಿತು, ವಿದ್ಯುತ್ತು ಇನ್ನೊಬ್ಬರ ಪಾಲಾಯಿತು.

ಈ ಗೋಡೆಯನ್ನು ಕೆಡವಿದ ‘ಮೆಕಟ್ರಾನಿಕ್ಸ್’ ಎಂಬ ಪದವನ್ನು 1969ರಲ್ಲಿ ಟಂಕಿಸಿದವರು ಜಪಾನಿನ ಯಾಸ್ಕಾವಾ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ತೆತ್ಸುರೋ ಮೋರಿ. ಆದರೆ ಪದ ಬಂದ ಮಾತ್ರಕ್ಕೆ ವಿದ್ಯೆ ಬಾರದು. ಗಾಳಿಯ ಒತ್ತಡದಿಂದ ಚಲಿಸುವ ಸಿಲಿಂಡರಿನ ದಂಡ ಮುಂದೆ ಚಾಚಿ ಅಲ್ಲಿಯೇ ನಿಂತಿತೆನ್ನೋಣ. ವಾಲ್ವ್ ಸಿಕ್ಕಿಕೊಂಡಿರಬಹುದು, ಸೆನ್ಸರ್ ತುಸು ಸರಿದಿರಬಹುದು, ತಂತಿ ಸಡಿಲವಾಗಿರಬಹುದು, ಪಿಎಲ್‌ಸಿ ಪ್ರೋಗ್ರಾಮಿನಲ್ಲಿ ಒಂದು ಷರತ್ತೇ ಬಿಟ್ಟುಹೋಗಿರಬಹುದು. ಮೆಕ್ಯಾನಿಕಲ್ ವಿದ್ಯಾರ್ಥಿ ಇವೆಲ್ಲವನ್ನೂ ಒಂದೊಂದಾಗಿ ತಾನೇ ಮುಟ್ಟಿ, ಅಳೆದು ನೋಡಬೇಕು. ಪುಸ್ತಕದಲ್ಲಿ ಬರೆದ ತಂತಿ ಎಂದೂ ಸಡಿಲವಾಗುವುದಿಲ್ಲ.

ಕೈಯಿಂದ ಕಲಿಸುವ ಪರಂಪರೆಗೆ ಕೇರಳದಲ್ಲೇ ಬೇರಿದೆ. 1959ರಲ್ಲಿ ತಲಶ್ಶೇರಿಯ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿದ ಎನ್‌ಟಿಟಿಎಫ್, ಉಪಕರಣ ಮತ್ತು ಅಚ್ಚು ತಯಾರಿಕೆಯ ತರಬೇತಿಯನ್ನು ನಮ್ಮ ಬೆಂಗಳೂರಿಗೂ ಒಯ್ದಿತು. ಮುಂದೆ ಮೆಕಟ್ರಾನಿಕ್ಸ್ ಡಿಪ್ಲೊಮಾವನ್ನೂ ತೆರೆಯಿತು. ಅರ ಹಿಡಿದು ಲೋಹ ಉಜ್ಜಿದ ಶಾಲೆಯಲ್ಲೇ ಮಲ್ಟಿಮೀಟರಿಗೂ ಎಡೆ ಸಿಕ್ಕಿತು.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದು ಮೆಕಟ್ರಾನಿಕ್ಸ್ ಪಠ್ಯವಾಗಿದೆ. ಅದು ಕೇವಲ ಪಠ್ಯವಾಗಿಯೇ ಉಳಿದರೆ, ನಿಂತ ಯಂತ್ರದೆದುರು ‘ಇದು ಎಲೆಕ್ಟ್ರಿಕಲ್‌ನವರ ಕೆಲಸ’ ಎಂದು ಕೈಕಟ್ಟಿ ನಿಲ್ಲುವ ಪದವೀಧರರು ಹಳೆಯ ಗೋಡೆಯನ್ನೇ ಕಾಯುತ್ತಾರೆ. ಊರು ಬಿಟ್ಟು ದುಡಿಮೆ ಅರಸುವ ನಮ್ಮ ಮಕ್ಕಳಿಗೆ ಅದು ದುಬಾರಿಯಾದೀತು.