ದಾಖಲಾತಿ ರಿಜಿಸ್ಟರಿನಿಂದ ಬ್ಯಾಕಪ್‌ವರೆಗೆ: ನಮ್ಮ ಭಾಗದಲ್ಲಿ ದಾಖಲೆ ಉಳಿದ ಬಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಮುಖ್ಯಾಧ್ಯಾಪಕರು ಕೇಳಿದಾಗ ನಾನು ಮೊದಲು ಹಿಂಜರಿದೆ. ಆಟ, ಪಾಠ, ಗುರುಗಳ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಗೆಳೆಯರು ಬಹಳ ಮಂದಿ ಇದ್ದಾರೆ. ನಾನು ಇಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದೆ ಸರಕಾರಿ ಕಚೇರಿಗಳಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ಕಡತಗಳ ನಡುವೆ ಕಳೆದವನು. ಹಾಗಾಗಿ ನನಗೆ ತಿಳಿದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ದಾಖಲೆಗಳು ಹೇಗೆ ಉಳಿಯುತ್ತವೆ, ಹೇಗೆ ಹೋಗುತ್ತವೆ ಎಂಬುದೇ ಆ ವಿಷಯ.

ಕೆಲವು ವರ್ಷಗಳ ಹಿಂದಿನ ಮಾತು. ಹಳೆಯ ವಿದ್ಯಾರ್ಥಿಗಳ ಸಭೆಗೆಂದು ಶಾಲೆಗೆ ಬಂದಿದ್ದೆ. ಕಚೇರಿಯ ಬಾಗಿಲಲ್ಲಿ ರಾಮನಗರದಿಂದ ಬಂದ ಹಿರಿಯರೊಬ್ಬರು ನಿಂತಿದ್ದರು. ಮೊದಲ ಬ್ಯಾಚುಗಳಲ್ಲಿ ನಮ್ಮ ಶಾಲೆಯಲ್ಲಿ, ಮಾವನ ಮನೆಯಲ್ಲಿದ್ದು ಎರಡು ವರ್ಷ ಓದಿದವರು. ಆಧಾರ್ ಕಾರ್ಡಿನಲ್ಲಿ ಅವರ ಜನ್ಮದಿನಾಂಕ ತಪ್ಪಾಗಿ, ಪಿಂಚಣಿ ನಿಂತುಹೋಗಿತ್ತು. ಶಾಲೆಯ ದಾಖಲೆ ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಗುಮಾಸ್ತರು ಕಪಾಟಿನಿಂದ ಹಳೆಯ ದಾಖಲಾತಿ ರಿಜಿಸ್ಟರ್ ಹೊರತೆಗೆದರು. ಅಂಚನ್ನು ಗೆದ್ದಲು ತಿಂದಿತ್ತು, ಕೆಲವು ಪುಟಗಳ ಮಸಿ ಮಳೆನೀರಿಗೆ ಹರಡಿತ್ತು. ಪುಣ್ಯಕ್ಕೆ ಅವರ ಹೆಸರಿದ್ದ ಸಾಲು ಉಳಿದಿತ್ತು. ಆ ಹಿರಿಯರು ಪುಟವನ್ನು ಮುಟ್ಟಿ ಹೇಳಿದರು: “ಸರ, ನಮ್ಮ ಊರ ನೀರಾಗ ಹೋತ್ರಿ. ನನ್ನ ಹೆಸರ ಈ ಪುಸ್ತಕದಾಗಷ್ಟ ಉಳದೈತ್ರಿ.”

ಈ ಲೇಖನಕ್ಕೆ ಆ ಮಾತೇ ಕಾರಣ.

ಸ್ಥಳ ಬದಲಿಸಿದ ಊರುಗಳು, ಕಡತಗಳು

ನಮ್ಮ ಭಾಗದಷ್ಟು ದಾಖಲೆಗಳ ಅಲೆದಾಟ ಕಂಡ ಪ್ರದೇಶ ಕಡಿಮೆ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಪ್ರತಿ ಬದಲಾವಣೆಯಲ್ಲೂ ಕಚೇರಿಯ ಪದ್ಧತಿ, ನಮೂನೆ, ಮೇಲಧಿಕಾರಿ ಬದಲಾದರು. 1980ರ ದಶಕದಲ್ಲಿ ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ತುಂಬಿದಾಗ ಸೂಪಾ ಪಟ್ಟಣವೇ ಮುಳುಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂತು, ಸಂತ್ರಸ್ತರಲ್ಲಿ ಬಹಳ ಮಂದಿ ರಾಮನಗರದಲ್ಲಿ ನೆಲೆಸಿದರು. ಮನೆ, ಗುಡಿ, ಹೊಲ ಎಲ್ಲವೂ ನೀರಿಗೆ ಸೇರಿದ ಮೇಲೆ, ಇಂಥವರು ಇಂಥ ಊರಿನಲ್ಲಿದ್ದರು ಎನ್ನುವುದಕ್ಕೆ ಕಾಗದವೇ ಸಾಕ್ಷಿ. ದಾಂಡೇಲಿಯೂ ಹಳಿಯಾಳದಿಂದ ಬೇರೆಯಾಗಿ ಹೊಸ ತಾಲೂಕಾಗಿದೆ. ಕಡತಗಳು ಮತ್ತೆ ಹಂಚಿಕೆಯಾಗಿವೆ.

ಮುಂಡಗೋಡದ ಕಥೆ ಇನ್ನೂ ದೊಡ್ಡದು. ಟಿಬೆಟಿನಿಂದ ಬಂದವರಿಗಾಗಿ 1966ರಲ್ಲಿ ಅಲ್ಲಿ ವಸತಿ ಆರಂಭವಾಯಿತು. 1969ರಲ್ಲಿ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳ ಭಿಕ್ಷುಗಳು ಬಕ್ಸಾ ಶಿಬಿರದಿಂದ ಬಂದು ಕಾಡು ಕಡಿದು ನೆಲೆಯೂರಿದರು. ಹೊತ್ತು ತರಲಾದಷ್ಟು ಗ್ರಂಥಗಳನ್ನು ತಂದರು, ಉಳಿದದ್ದು ನೆನಪಿನಲ್ಲಿತ್ತು. ಬೈಲುಕುಪ್ಪೆಯ ಸೆರಾ ಮಠದಲ್ಲಿ 1980ರ ದಶಕದ ಕೊನೆಯಿಂದ ಭಿಕ್ಷುಗಳೇ ಕಂಪ್ಯೂಟರ್ ಮುಂದೆ ಕುಳಿತು ಗ್ರಂಥಗಳನ್ನು ಟೈಪ್ ಮಾಡಿ, ಪ್ರತಿಗಳನ್ನು ಹಲವು ದೇಶಗಳಿಗೆ ಕಳಿಸಿದರು. ಒಂದು ಕಡೆ ನಾಶವಾದರೂ ಇನ್ನೊಂದು ಕಡೆ ಉಳಿಯಲಿ ಎಂಬ ಎಚ್ಚರ, ಮನೆ ಕಳೆದುಕೊಂಡವರಿಗೆ ಬೇಗ ಬರುತ್ತದೆ.

ನಮ್ಮ ಶಾಲೆಯ ಹಳೆಯ ಗುಮಾಸ್ತರಿಗೂ ಆ ಎಚ್ಚರವಿತ್ತು. ಅಂಕಪಟ್ಟಿ, ಪತ್ರ ಯಾವುದೇ ಇರಲಿ, ಕಾರ್ಬನ್ ಇಟ್ಟು ಎರಡು ಪ್ರತಿ. ಎಸ್.ಎಸ್.ಎಲ್.ಸಿ. ನಾಮಿನಲ್ ರೋಲ್ ಮಂಡಳಿಗೆ ಹೋದರೆ ಅದರ ಪ್ರತಿ ಶಾಲೆಯಲ್ಲಿ. ಒಂದು ಇಲ್ಲಿ, ಇನ್ನೊಂದು ದೂರದ ಕಚೇರಿಯಲ್ಲಿ. ಇಂದು ಕಂಪ್ಯೂಟರಿನವರು ಬ್ಯಾಕಪ್ ಎನ್ನುವುದು ಇದನ್ನೇ. ಆದರೆ ದಾಖಲಾತಿ ರಿಜಿಸ್ಟರಿಗೆ ಮಾತ್ರ ಎರಡನೆಯ ಪ್ರತಿ ಇರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ

1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಿಂದಾಗಿ ದಾಂಡೇಲಿ ಎಂದರೆ ಕಾಗದ ಎಂದೇ ಹೊರಗಿನವರ ತಿಳಿವಳಿಕೆ. ಅಂಥ ನೆಲದಲ್ಲೂ ಕಾಗದವಿಲ್ಲದ ದಾಖಲೆಯ ಕಾಲ ಬಂತು. ಹಳ್ಳಿಯ ಜನ ಅದನ್ನು ಮೊದಲು ಕಂಡದ್ದು ‘ಭೂಮಿ’ ಯೋಜನೆಯಲ್ಲಿ. 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಮೊದಲು ಮಾಹಿತಿ ತಾಲೂಕಿನ ಸರ್ವರಿನಲ್ಲೇ ಇರುತ್ತಿತ್ತು, ಬಳಿಕ ಬೆಂಗಳೂರಿನ ದತ್ತಾಂಶ ಕೇಂದ್ರ ಸೇರಿತು.

ಸಣ್ಣ ಕಚೇರಿಗಳಿಗೆ ಅಂಥ ವ್ಯವಸ್ಥೆ ಇರಲಿಲ್ಲ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಆಗಾಗ ಹೋಗುವ ಕರೆಂಟು. ಪ್ರತಿ ತೆಗೆಯಲು ಮೊದಲು 1.44 ಎಂಬಿಯ ಫ್ಲಾಪಿ, ಆಮೇಲೆ 700 ಎಂಬಿಯ ಸಿ.ಡಿ., ಆಮೇಲೆ ಪೆನ್‌ಡ್ರೈವ್. ಎಲ್ಲವೂ ಮನುಷ್ಯ ನೆನಪಿಟ್ಟುಕೊಂಡು ಮಾಡಬೇಕಾದ ಕೆಲಸ. ನಾನು ಎಡವಿದ್ದು ಅಲ್ಲೇ.

ನಾನಿದ್ದ ಕಚೇರಿಯೊಂದರಲ್ಲಿ ನಿವೃತ್ತರ ಪಿಂಚಣಿ ಲೆಕ್ಕವೆಲ್ಲ ನನ್ನ ಕಂಪ್ಯೂಟರಿನಲ್ಲಿತ್ತು. ಶನಿವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕುವುದು ನನ್ನ ಪಾಳಿ. ಮೊದಲ ಎರಡು ತಿಂಗಳು ತಪ್ಪಲಿಲ್ಲ. ಆಮೇಲೆ ಮಾರ್ಚ್ ತಿಂಗಳ ಗಡಿಬಿಡಿ, ಚುನಾವಣೆಯ ಕೆಲಸ ಎಂದು ಮರೆತೆ. ಜೂನ್ ತಿಂಗಳ ಒಂದು ಬೆಳಗ್ಗೆ, ಗುಡುಗು ಮಳೆಯ ಮರುದಿನ, ಕಂಪ್ಯೂಟರ್ ಶುರುವಾಗಲಿಲ್ಲ. ಹಾರ್ಡ್‌ಡಿಸ್ಕ್‌ನಿಂದ ಟಕ್ ಟಕ್ ಸದ್ದು ಮಾತ್ರ. ರಿಪೇರಿಯವರು ಪರೀಕ್ಷಿಸಿ ತಲೆಯಾಡಿಸಿದರು. ಪೆನ್‌ಡ್ರೈವಿನಲ್ಲಿದ್ದದ್ದು ನಾಲ್ಕು ತಿಂಗಳ ಹಿಂದಿನ ಲೆಕ್ಕ. ನಡುವಿನದನ್ನು ಕಾಗದಗಳಿಂದ ಹುಡುಕಿ ಮತ್ತೆ ಟೈಪ್ ಮಾಡಲು ಎರಡು ತಿಂಗಳು ಬೇಕಾಯಿತು. ಅಷ್ಟು ದಿನ ಕೆಲವು ಹಿರಿಯರು ಕೌಂಟರಿಗೆ ಬಂದು ಬರಿಗೈಯಲ್ಲಿ ಮರಳಿದರು. ಒಬ್ಬ ಅಜ್ಜಿ ಬೈಯಲಿಲ್ಲ, “ನಾಳೆ ಬರ್ತೇನಿ ತಮ್ಮಾ” ಎಂದಷ್ಟೇ ಹೇಳಿ ಹೋದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ತಾನಾಗಿ ನಡೆಯುವ ಪ್ರತಿ

ಅದರ ನಂತರವೇ ತಾನಾಗಿ ಬ್ಯಾಕಪ್ ಮಾಡುವ ತಂತ್ರಾಂಶವನ್ನು ಕಲಿತೆ. ಯಾವ ಫೋಲ್ಡರ್, ಎಷ್ಟು ಹೊತ್ತಿಗೆ, ಎಲ್ಲಿಗೆ ಎಂದು ಒಮ್ಮೆ ಹೇಳಿಟ್ಟರೆ ಸಾಕು. ಮೊದಲ ಸಲ ಎಲ್ಲವನ್ನೂ ನಕಲು ಮಾಡುತ್ತದೆ. ಮುಂದಿನ ದಿನಗಳಲ್ಲಿ ಬದಲಾದದ್ದನ್ನು ಮಾತ್ರ ಸೇರಿಸುತ್ತದೆ, ಹಾಗಾಗಿ ಬೇಗ ಮುಗಿಯುತ್ತದೆ. ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುತ್ತದೆ. ಇಂದು ತಪ್ಪಿ ಅಳಿಸಿದ ಕಡತವನ್ನು ಕಳೆದ ವಾರದ ಪ್ರತಿಯಿಂದ ತೆಗೆಯಬಹುದು. ಎರಡು ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವ ‘ಸಿಂಕ್’ ಬೇರೆ. ಅಲ್ಲಿ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ.

ಆದರೆ ಯಂತ್ರಕ್ಕೆ ಒಪ್ಪಿಸಿ ಮರೆತರೆ ಅದೂ ಅಪಾಯ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ವೈರಸ್ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥ ವೈರಸ್ ಬಂದಾಗ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ಡಿಸ್ಕಿಗೂ ಬೀಗ ಬೀಳುತ್ತದೆ. ಅದೇ ವರ್ಷದ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯಲ್ಲಿ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ದತ್ತಾಂಶವನ್ನೇ ಅಳಿಸಿದರು. ಹಲವು ಬಗೆಯ ಬ್ಯಾಕಪ್ ಇದೆ ಎಂದುಕೊಂಡಿದ್ದರು. ನೋಡಿದರೆ ಅವು ಸರಿಯಾಗಿ ನಡೆಯುತ್ತಲೇ ಇರಲಿಲ್ಲ. ಅದೃಷ್ಟಕ್ಕೆ ಸಿಕ್ಕ ಆರು ಗಂಟೆ ಹಳೆಯ ಪ್ರತಿಯೊಂದು ಕೈಹಿಡಿಯಿತು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಸರಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ ನೌಕರರ ಕಡತಗಳ 858 ಟೆರಾಬೈಟ್ ಸುಟ್ಟುಹೋಯಿತು. ಅದಕ್ಕೆ ಹೊರಗೆಲ್ಲೂ ಪ್ರತಿ ಇರಲಿಲ್ಲ. ಅಷ್ಟು ಮುಂದುವರಿದ ದೇಶದಲ್ಲೂ ನಮ್ಮ ಕಾರ್ಬನ್ ಕಾಗದದ ಗುಮಾಸ್ತರ ಎಚ್ಚರ ತಪ್ಪಿತ್ತು.

ಇನ್ನೊಂದು ಮಾತು ಕನ್ನಡದವರು ವಿಶೇಷವಾಗಿ ನೆನಪಿಡಬೇಕು. ಹಳೆಯ ಸಿ.ಡಿ.ಯೊಂದರಲ್ಲಿ ನನ್ನ ಕಡತಗಳು ಉಳಿದಿದ್ದವು. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅವು ಹಿಂದಿನ ‘ನುಡಿ’ ಫಾಂಟಿನಲ್ಲಿದ್ದವು. ಯೂನಿಕೋಡಿಗೆ ಪರಿವರ್ತಿಸಿದ ಮೇಲಷ್ಟೇ ಕನ್ನಡವಾದವು. ಪ್ರತಿ ಉಳಿದರೆ ಸಾಲದು, ಮುಂದಿನವರಿಗೆ ಓದಲು ಬರಬೇಕು.

ನಮ್ಮ ಶಾಲೆಗೆ ಒಂದು ಕೋರಿಕೆ

ಜಗತ್ತಿನಾದ್ಯಂತ ಹೇಳುವ ನಿಯಮ ಸರಳವಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ. ಇದಕ್ಕೆ ನನ್ನ ಅನುಭವದ ಒಂದು ಮಾತು ಸೇರಿಸುತ್ತೇನೆ: ತಿಂಗಳಿಗೊಮ್ಮೆ ಯಾವುದಾದರೂ ಒಂದು ಕಡತವನ್ನು ಬ್ಯಾಕಪ್‌ನಿಂದ ಹೊರತೆಗೆದು ತೆರೆದು ನೋಡಬೇಕು.

ಈ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನು ಕೊಡಬೇಕೆಂದು ಚರ್ಚೆ ನಡೆದಿದೆ. ಕಮಾನು, ರಂಗಮಂದಿರ ಎಲ್ಲವೂ ಆಗಲಿ. ಅದರ ಜೊತೆಗೆ ಐವತ್ತು ವರ್ಷಗಳ ದಾಖಲಾತಿ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸೋಣ. ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ, ರಾತ್ರಿ ತಾನಾಗಿ ಬ್ಯಾಕಪ್ ಆಗುವಂತೆ. ಒಂದು ಹೊರಗಿನ ಡಿಸ್ಕಿನಲ್ಲಿ, ಕೆಲಸ ಮುಗಿದೊಡನೆ ಕಳಚಿ ಕಪಾಟಿನಲ್ಲಿ. ಇನ್ನೊಂದು ಇಲಾಖೆಯ ಒಪ್ಪಿಗೆ ಪಡೆದು ಬೇರೆ ಊರಿನ ಕಚೇರಿಯಲ್ಲಿ. ಮಕ್ಕಳ ಹೆಸರು, ಜಾತಿ, ವಿಳಾಸ ಅದರಲ್ಲಿರುವುದರಿಂದ ಕಂಡಕಂಡವರ ಫೋನಿಗೆ ಹೋಗಬಾರದು, ಪಾಸ್‌ವರ್ಡ್ ಇರಲಿ. ಖರ್ಚು ಕಮಾನಿನ ಖರ್ಚಿನ ಮುಂದೆ ತೀರ ಸಣ್ಣದು. ಸ್ಕ್ಯಾನ್ ಮುಗಿದ ಮೇಲೂ ಮೂಲ ರಿಜಿಸ್ಟರುಗಳನ್ನು ಗೆದ್ದಲು ಬಾರದ ಕಡೆ ಜೋಪಾನ ಮಾಡಬೇಕು. ಅವೇ ನಿಜವಾದ ದಾಖಲೆ.

ರಾಮನಗರದ ಆ ಹಿರಿಯರಿಗೆ ಅಂದು ಪ್ರಮಾಣಪತ್ರ ಸಿಕ್ಕಿತು. ಗೆದ್ದಲು ಇನ್ನೂ ಎರಡು ಬೆರಳು ಒಳಗೆ ಬಂದಿದ್ದರೆ ಸಿಗುತ್ತಿರಲಿಲ್ಲ. ಈ ಶಾಲೆಯಲ್ಲಿ ಓದಿದ ಪ್ರತಿಯೊಬ್ಬರ ಹೆಸರೂ ಆ ಪುಸ್ತಕಗಳಲ್ಲಿ ಒಂದು ಸಾಲಾಗಿ ಇದೆ. ನಿಮ್ಮದೂ ಇದೆ, ನನ್ನದೂ ಇದೆ. ಮುಂದಿನ ಮಳೆಗಾಲಕ್ಕೆ ಮೊದಲು ಈ ಕೆಲಸ ಶುರುವಾಗಲಿ. ಅದಕ್ಕೆ ಬೇಕಾದ ಡಿಸ್ಕನ್ನು ನಾನು ಕೊಡುತ್ತೇನೆ, ಶನಿವಾರಗಳನ್ನೂ ಕೊಡುತ್ತೇನೆ.