ಓದುವವರು ಹಲವರು, ಬರೆಯುವವರೊಬ್ಬರು: ಮಂಗಳೂರಿನ ಲೆಡ್ಜರಿನಿಂದ ಥ್ರೆಡ್‌ಗಳ ಬೀಗದವರೆಗೆ

ಒಂದೇ ಲೆಕ್ಕವನ್ನು ಹಲವರು ಒಟ್ಟಿಗೆ ನೋಡಬೇಕಾಗಿದ್ದು, ಅವರಲ್ಲಿ ಕೆಲವರು ಅದನ್ನು ತಿದ್ದಲೂ ಬೇಕಾದಾಗ ಲೆಕ್ಕ ಕೆಡದಂತೆ ಕಾಯುವುದು ಹೇಗೆ ಎಂಬ ಪ್ರಶ್ನೆಗೆ ಗಣಕಶಾಸ್ತ್ರವು ಖಚಿತವಾದ ರೂಪ ಕೊಟ್ಟದ್ದು 1971ರಲ್ಲಿ. ಆದರೆ ಅದಕ್ಕೂ ದಶಕಗಳ ಮುಂಚಿನಿಂದಲೇ ಈ ಪ್ರಶ್ನೆಯನ್ನು ಕಾಗದದ ಮೇಲೆ ದಿನವೂ ಬಿಡಿಸುತ್ತಿದ್ದವರಲ್ಲಿ ಬ್ಯಾಂಕುಗಳ ಲೆಡ್ಜರ್ ಗುಮಾಸ್ತರು ಮುಖ್ಯರಾದವರು, ಮತ್ತು ಭಾರತದಲ್ಲಿ ಅಂಥ ಗುಮಾಸ್ತಿಕೆಯ ದಟ್ಟ ಪರಂಪರೆಯಿದ್ದ ಊರುಗಳಲ್ಲಿ ಮಂಗಳೂರು ಒಂದು. 1906ರ ಜುಲೈ 1ರಂದು ಅಮ್ಮೆಂಬಳ ಸುಬ್ಬರಾವ್ ಪೈಯವರು ಇಲ್ಲಿ ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾಗಿ ಮಂಗಳೂರಿನ ಪಾಂಡೇಶ್ವರವನ್ನು ಕೇಂದ್ರ ಮಾಡಿಕೊಂಡಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್ ಇದೇ ನಗರದಲ್ಲಿ ಹುಟ್ಟಿದವು. ಈ ಬ್ಯಾಂಕುಗಳ ಚರಿತ್ರೆಯನ್ನು ಬರೆದವರು ಸ್ಥಾಪಕರ ದೂರದೃಷ್ಟಿಯನ್ನೂ ಸಮುದಾಯಗಳ ಪೈಪೋಟಿಯನ್ನೂ ರಾಷ್ಟ್ರೀಕರಣವನ್ನೂ ವಿವರವಾಗಿ ದಾಖಲಿಸುತ್ತಾರೆ. ಕೌಂಟರಿನ ಹಿಂದೆ ಲೆಕ್ಕ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಮಾತ್ರ ಅವರಲ್ಲಿ ಹೆಚ್ಚು ಪುಟಗಳು ಸಿಗುವುದಿಲ್ಲ.

ವ್ಯಾಪಾರಿಯ ಮಂಡಿಯಲ್ಲಿ ಈ ಸಮಸ್ಯೆ ಅಷ್ಟಾಗಿ ಇರಲಿಲ್ಲ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆದಿಡುವ ಕಿರ್ದಿ, ಅದರಿಂದ ಒಬ್ಬೊಬ್ಬರ ಹೆಸರಿಗೆ ಬಾಬುಗಳನ್ನು ಎತ್ತಿ ಬರೆಯುವ ಖಾತೆ ಪುಸ್ತಕ, ಎರಡೂ ಸಾಮಾನ್ಯವಾಗಿ ಒಬ್ಬನೇ ಗುಮಾಸ್ತನ ಕೈಯಲ್ಲಿರುತ್ತಿದ್ದವು. ಓದುವವನೂ ಬರೆಯುವವನೂ ಒಬ್ಬನೇ ಆದಲ್ಲಿ ಘರ್ಷಣೆಗೆ ಎಡೆಯಿಲ್ಲ. ಬ್ಯಾಂಕಿನಲ್ಲಿ ಹಾಗಲ್ಲ. ಚೆಕ್ಕು ಬಂದಾಗ ಲೆಡ್ಜರ್ ಗುಮಾಸ್ತ ಖಾತೆದಾರನ ಫೋಲಿಯೊ, ಅಂದರೆ ಅವನ ಹೆಸರಿನ ಪುಟವನ್ನು ತೆರೆದು ಬಾಕಿ ನೋಡಿ ಖರ್ಚು ಬರೆಯಬೇಕು. ಅಧಿಕಾರಿ ಅದನ್ನೂ ಮಾದರಿ ಸಹಿಯನ್ನೂ ತಾಳೆ ನೋಡಿ ಇನಿಶಿಯಲ್ಸ್ ಹಾಕಬೇಕು. ಆಮೇಲೆ ಟೋಕನ್ನಿನ ಕರೆ, ಕ್ಯಾಷಿಯರಿನ ಪಾವತಿ. ಈ ನಡುವೆ ಸಾಲ ವಿಭಾಗದವರು ಅದೇ ಪುಟವನ್ನು ಕೇಳಬಹುದು, ಲೆಕ್ಕ ಪರಿಶೋಧಕರು ಇಡೀ ಪುಸ್ತಕವನ್ನೇ ಕೇಳಬಹುದು. ನೋಡುವವರು ಎಷ್ಟು ಮಂದಿಯಾದರೂ ಇರಲಿ, ಪುಸ್ತಕವನ್ನು ಒಪ್ಪಿಸಿದ್ದ ಗುಮಾಸ್ತನ ಹೊರತು ಬೇರೆಯವರ ಲೇಖನಿ ಅದರ ಮೇಲೆ ಆಡುವಂತಿರಲಿಲ್ಲ. ಖಾತೆಗಳು ಹೆಚ್ಚಿದಾಗ ಲೆಡ್ಜರನ್ನು ಸಂಖ್ಯೆಯ ಪ್ರಕಾರ ಹಲವು ಸಂಪುಟಗಳಾಗಿ ಒಡೆದು, ಸಂಪುಟಕ್ಕೊಬ್ಬ ಗುಮಾಸ್ತನನ್ನು ಕೂರಿಸುತ್ತಿದ್ದರು. ಬಾಕಿಗಳನ್ನೆಲ್ಲ ಕೂಡಿಸಿ ಒಟ್ಟು ಲೆಕ್ಕದೊಂದಿಗೆ ತಾಳೆ ಹಾಕುವ ಬ್ಯಾಲೆನ್ಸಿಂಗ್ ಇಡೀ ಸಂಪುಟದ ಓದು; ನಡುವೆ ಒಂದು ಬಾಬು ಸೇರಿದರೂ ಮೊತ್ತ ತಪ್ಪುವುದರಿಂದ ಅದನ್ನು ಕೌಂಟರ್ ಮುಚ್ಚಿದ ಮೇಲೆಯೇ ಮಾಡುತ್ತಿದ್ದರು.

ಪುಸ್ತಕ ಒಂದು ಮೇಜಿನಲ್ಲಿದ್ದಾಗ ಇನ್ನೊಂದರಲ್ಲಿ ಇರಲಾರದು ಎಂಬ ತೊಡಕಿಗೆ ಕಾನೂನೇ ಒಂದು ಪರಿಹಾರ ಒದಗಿಸಿತ್ತು. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯಿದೆಯು ಲೆಡ್ಜರಿನ ದೃಢೀಕೃತ ನಕಲನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವೆಂದು ಒಪ್ಪಿತು. ಸಾಕ್ಷಿಗೆಂದು ಮೂಲ ಪುಸ್ತಕ ಕೋರ್ಟಿಗೆ ಹೋಗಿ ಕುಳಿತರೆ ಅಷ್ಟು ದಿನ ಶಾಖೆಯಲ್ಲಿ ಬರವಣಿಗೆ ನಿಲ್ಲುತ್ತದೆ. ನಕಲು ಹೋದರೆ ನ್ಯಾಯಾಧೀಶರು ಒಂದು ದಿನಾಂಕದವರೆಗಿನ ಲೆಕ್ಕವನ್ನು ಓದುತ್ತಾರೆ, ಶಾಖೆ ಮುಂದಿನ ಬಾಬುಗಳನ್ನು ಬರೆಯುತ್ತ ಹೋಗುತ್ತದೆ. ಖಾತೆದಾರನ ಪಾಸ್‌ಬುಕ್ಕೂ ಇದೇ ಜಾತಿಯ ನಕಲು. ಅದು ಹಿಂದುಳಿದಿರಬಹುದೆಂಬುದು ಬ್ಯಾಂಕಿಗೂ ಖಾತೆದಾರನಿಗೂ ತಿಳಿದ ಸಂಗತಿ.

ಕರಾವಳಿಯ ಲೆಕ್ಕಕ್ಕೆ ಒಂದು ವಿಶೇಷವೂ ಇತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು: ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ದಿನವೂ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಎತ್ತಿ ತರುತ್ತಿದ್ದರು. ಉಳಿತಾಯದ ಇತಿಹಾಸದಲ್ಲಿ ಇದನ್ನು ಹೊಗಳುವುದು ವಾಡಿಕೆ. ಲೆಡ್ಜರಿನ ದೃಷ್ಟಿಯಿಂದ ಇದು ಬರವಣಿಗೆಯ ಮಹಾಪೂರ. ತಿಂಗಳಿಗೊಂದೆರಡು ಬಾರಿ ತಿದ್ದಬೇಕಾಗಿದ್ದ ಪುಟ ದಿನವೂ ತಿದ್ದಬೇಕಾದ ಪುಟವಾಯಿತು. ಪ್ರತಿ ಎರಡಾಣೆಯೂ ಪ್ರತ್ಯೇಕವಾಗಿ ಕೌಂಟರಿಗೆ ಬಂದಿದ್ದರೆ ಯಾವ ಶಾಖೆಯೂ ತಾಳುತ್ತಿರಲಿಲ್ಲ. ಏಜೆಂಟ್ ತನ್ನ ವಸೂಲಿಯನ್ನು ಪಟ್ಟಿ ಮಾಡಿ ಒಟ್ಟಾಗಿ ಜಮಾ ಮಾಡುತ್ತಿದ್ದುದರಿಂದಲೇ ಅದು ಸಾಗಿತು.

ಗಣಕಯಂತ್ರದೊಳಗೆ ಇದೇ ಸಮಸ್ಯೆ ಬೇರೆ ದಾರಿಯಿಂದ ಬಂತು. ಓಡುತ್ತಿರುವ ಒಂದು ಪ್ರೋಗ್ರಾಮಿನೊಳಗೆ ಸ್ವತಂತ್ರವಾಗಿ ಸಾಗುವ ಕೆಲಸದ ಎಳೆಗೆ ಥ್ರೆಡ್ ಎಂದು ಹೆಸರು; ಒಂದು ಪ್ರೋಗ್ರಾಮಿನ ಥ್ರೆಡ್‌ಗಳೆಲ್ಲ ಒಂದೇ ಸ್ಮೃತಿಯನ್ನು ಹಂಚಿಕೊಳ್ಳುತ್ತವೆ. ಖಾತೆಯಲ್ಲಿ 500 ರೂಪಾಯಿ ಇದೆಯೆನ್ನಿ. 200 ರೂಪಾಯಿ ಜಮಾ ಮಾಡಬೇಕಾದ ಒಂದು ಥ್ರೆಡ್ ಬಾಕಿಯನ್ನು ಓದಿ ಕೂಡುತ್ತಿರುವಾಗಲೇ 300 ರೂಪಾಯಿ ಜಮಾ ಮಾಡಬೇಕಾದ ಮತ್ತೊಂದು ಕೂಡ ಅದೇ 500ನ್ನು ಓದಿಬಿಟ್ಟರೆ, ಮೊದಲನೆಯದು 700 ಎಂದೂ ಎರಡನೆಯದು 800 ಎಂದೂ ಬರೆದು, 1000 ಆಗಬೇಕಾದಲ್ಲಿ 800 ಉಳಿಯುತ್ತದೆ. ಎಡ್ಸ್‌ಖರ್ ಡೈಕ್‌ಸ್ಟ್ರಾ 1965ರ ಹೊತ್ತಿಗೆ ರೂಪಿಸಿದ ಪರಸ್ಪರ ವರ್ಜನೆಯ ಸೂತ್ರ ಮತ್ತು ಸೆಮಫೋರ್ ಎಂಬ ಸಂಜ್ಞೆ ಇದಕ್ಕೆ ಉತ್ತರವಾದವು: ದತ್ತಾಂಶಕ್ಕೊಂದು ಬೀಗ, ಬೀಗ ಪಡೆದವನೊಬ್ಬನಿಗೇ ಪ್ರವೇಶ. ಆದರೆ ಬರೇ ಬಾಕಿ ನೋಡಲು ಬಂದ ಹತ್ತು ಥ್ರೆಡ್‌ಗಳನ್ನೂ ಸಾಲಾಗಿ ನಿಲ್ಲಿಸುವುದು ವ್ಯರ್ಥ, ಏಕೆಂದರೆ ಓದಿನಿಂದ ಓದಿಗೆ ಬಾಧೆಯಿಲ್ಲ. ಕೂರ್ತುವಾ, ಹೇಮನ್ಸ್ ಮತ್ತು ಪಾರ್ನಾಸ್ ಎಂಬ ಮೂವರು 1971ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧ ಓದುಗರನ್ನೂ ಬರೆಯುವವರನ್ನೂ ಬೇರ್ಪಡಿಸಿತು. ಓದುಗರು ಎಷ್ಟಾದರೂ ಒಟ್ಟಿಗೆ ಒಳಗಿರಬಹುದು. ಬರೆಯುವವನು ಒಳಗಿದ್ದರೆ ಬೇರೆ ಯಾರೂ ಇರಬಾರದು. ಓದು-ಬರಹ ಬೀಗವೆಂದರೆ ಇಷ್ಟೆ.

ಆ ಪ್ರಬಂಧದ ನಿಜವಾದ ಬೆಲೆ ನಿಯಮದಲ್ಲಿಲ್ಲ, ಅದರ ಲೇಖಕರು ಸಮಸ್ಯೆಯನ್ನು ಎರಡಾಗಿ ಕಂಡದ್ದರಲ್ಲಿದೆ. ಒಳಗೆ ಓದುಗರಿರುವಾಗ ಹೊಸ ಓದುಗರನ್ನು ಬಿಡುತ್ತಲೇ ಹೋದರೆ ಬರೆಯುವವನು ಬಾಗಿಲಲ್ಲೇ ಕಾಯುತ್ತಿರಬೇಕಾಗುತ್ತದೆ. ಬರೆಯುವವನು ಬಂದೊಡನೆ ಹೊಸ ಓದುಗರನ್ನು ತಡೆದರೆ, ಬರಹ ಹೆಚ್ಚಿದ ಕಡೆ ಓದುಗರು ಹಸಿದಿರುತ್ತಾರೆ. ಶಾಖೆಯಲ್ಲಿ ಈ ಪ್ರಶ್ನೆ ಏಳದಂತೆ ನೋಡಿಕೊಂಡದ್ದು ಗಡಿಯಾರ: ಹಗಲಿನ ಹೊತ್ತು ಬರೆಯುವವರದ್ದು, ಕೌಂಟರ್ ಮುಚ್ಚಿದ ಮೇಲಿನ ಹೊತ್ತು ದೀರ್ಘವಾಗಿ ಓದುವವರದ್ದು. ಯಂತ್ರಕ್ಕೆ ಅಂಥ ಬಿಡುವು ಇಲ್ಲದ್ದರಿಂದ ಯಾರಿಗೆ ಆದ್ಯತೆ ಎಂಬುದನ್ನು ಬೀಗದ ಒಳಗೇ ಬರೆದಿಡಬೇಕಾಯಿತು. ಲಿನಕ್ಸಿನ ಸಾಮಾನ್ಯ ಗ್ರಂಥಾಲಯದಲ್ಲಿ ಇಂದಿಗೂ ಮೂಲ ಆದ್ಯತೆ ಓದುಗರಿಗೇ ಇದೆ, ಇದನ್ನು ಗಮನಿಸದೆ ಬೀಗ ಬಳಸುವವರೂ ಉಂಟು. ಇನ್ನೊಂದು ಅಪಾಯವೂ ಇದೆ: ಇಬ್ಬರು ಓದುಗರು ತಮ್ಮ ಓದಿನ ಹಕ್ಕನ್ನು ಬಿಡದೆ ಬರಹದ ಹಕ್ಕಿಗೆ ಕಾದರೆ, ಇನ್ನೊಬ್ಬರು ಹೊರಡಲೆಂದು ಇಬ್ಬರೂ ಕೊನೆಯಿಲ್ಲದೆ ಕಾಯುತ್ತಾರೆ.

ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಈಶ್ವರನ್, ಗ್ರೇ, ಲೋರಿ ಮತ್ತು ಟ್ರೇಗರ್ 1976ರಲ್ಲಿ ಇದೇ ವಿಚಾರವನ್ನು ದತ್ತಸಂಚಯಗಳಿಗೆ ವಿಸ್ತರಿಸಿ, ಒಂದು ವ್ಯವಹಾರವು ಬೀಗಗಳನ್ನು ಪಡೆಯುವ ಹಂತ ಮುಗಿದ ಮೇಲೆಯೇ ಬಿಡಲು ತೊಡಗಬೇಕೆಂಬ ಎರಡು ಹಂತದ ನಿಯಮವನ್ನು ಕೊಟ್ಟರು. ಒಂದು ಖಾತೆಯಿಂದ ತೆಗೆದ ಹಣ ಇನ್ನೊಂದಕ್ಕೆ ಸೇರುವ ಮುನ್ನ ಯಾರೂ ನಡುವಿನ ಸ್ಥಿತಿಯನ್ನು ಕಾಣದಿರಲು ಈ ನಿಯಮ ಬೇಕಾಗುತ್ತದೆ. ಬೀಗ ಇಡೀ ಪಟ್ಟಿಗೋ, ಒಂದು ಪುಟಕ್ಕೋ, ಒಂದೇ ಸಾಲಿಗೋ ಎಂಬ ಚರ್ಚೆಯೂ ಗ್ರೇ ಮತ್ತವರ ಸಂಗಡಿಗರದ್ದೇ. ಲೆಡ್ಜರನ್ನು ಸಂಪುಟಗಳಾಗಿ ಒಡೆದಿದ್ದವರಿಗೆ ಅದು ಹೊಸದಾಗಿ ಕಾಣುತ್ತಿರಲಿಲ್ಲ. ಥ್ರೆಡ್‌ಗಳ ಓದು-ಬರಹ ಬೀಗವು ಯುನಿಕ್ಸ್ ಮಾನಕಗಳಿಗೆ 1997ರಲ್ಲಿ, ಜಾವಾ ಭಾಷೆಯ ಗ್ರಂಥಾಲಯಕ್ಕೆ 2004ರಲ್ಲಿ, ಸಿ++ ಭಾಷೆಗೆ 2014 ಮತ್ತು 2017ರ ಆವೃತ್ತಿಗಳಲ್ಲಿ ಸೇರಿತು.

ಎರಡು ಕಥೆಗಳು ಮಂಗಳೂರಿನ ಶಾಖೆಗಳಲ್ಲಿ ಕೂಡಿದ್ದು ತಡವಾಗಿ. 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ ಯಾಂತ್ರೀಕರಣದ ಒಪ್ಪಂದವಾಗಿ, 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ ದೇಶದ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಇವು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಯಂತ್ರಗಳಾದುದರಿಂದ ಪುಸ್ತಕ ಹೋದರೂ ಪುಸ್ತಕಕ್ಕೊಬ್ಬ ಗುಮಾಸ್ತ ಎಂಬ ಕಟ್ಟು ಉಳಿಯಿತು. ನಿಜವಾದ ತಿರುವು 1990ರ ದಶಕದಲ್ಲಿ ಶಾಖೆಯ ಯಂತ್ರಗಳನ್ನು ಒಂದೇ ಜಾಲಕ್ಕೆ ಸೇರಿಸಿದಾಗ, ಅಂದರೆ ಒಂದೇ ಖಾತೆ ಎರಡು ಪರದೆಗಳಲ್ಲಿ ಒಟ್ಟಿಗೆ ತೆರೆಯುವುದು ಸಾಧ್ಯವಾದಾಗ, ಬಂತು. ಕಾಗದದ ಸ್ವಭಾವವೂ ಕಚೇರಿಯ ಶಿಸ್ತೂ ಅದುವರೆಗೆ ಸದ್ದಿಲ್ಲದೆ ಕಾಯುತ್ತಿದ್ದ ನಿಯಮವನ್ನು ಅಂದಿನಿಂದ ತಂತ್ರಾಂಶ ಹೊರಬೇಕಾಯಿತು. ಕರ್ಣಾಟಕ ಬ್ಯಾಂಕ್ ಇನ್ಫೋಸಿಸ್‌ನ ಫಿನಕಲ್ ತಂತ್ರಾಂಶದ ಮೇಲೆ ಕೋರ್ ಬ್ಯಾಂಕಿಂಗ್ ವ್ಯವಸ್ಥೆಗೆ, ಅಂದರೆ ಎಲ್ಲ ಶಾಖೆಗಳ ಖಾತೆಗಳೂ ಒಂದೇ ದತ್ತಸಂಚಯದಲ್ಲಿರುವ ವ್ಯವಸ್ಥೆಗೆ, ದಾಟಿದಾಗ ಖಾತೆ ಯಾವ ಮೇಜಿನದ್ದೂ ಆಗಿ ಉಳಿಯಲಿಲ್ಲ. ಇತ್ತ 1960ರಲ್ಲಿ ಸುರತ್ಕಲ್ಲಿನಲ್ಲಿ ಸ್ಥಾಪನೆಯಾಗಿ 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ಇಂಜಿನಿಯರಿಂಗ್ ಕಾಲೇಜೂ ನಗರಕ್ಕೆ ಬಂದ ತಂತ್ರಾಂಶ ಕಂಪನಿಗಳೂ, ಬೀಗಗಳನ್ನು ಪಠ್ಯವಾಗಿ ಓದಿದ ಹೊಸ ಪೀಳಿಗೆಯನ್ನು ಇದೇ ಊರಿನಲ್ಲಿ ಬೆಳೆಸುತ್ತಿದ್ದವು.

ಬೀಗದ ಮೇಲಿನ ನಂಬಿಕೆ ಈಚೆಗೆ ಸ್ವಲ್ಪ ಕುಂದಿದೆ, ಅದಕ್ಕೆ ಕಾರಣವೂ ಇದೆ. ಒಳಹೋಗುವ ಪ್ರತಿ ಓದುಗನೂ ಓದುಗರ ಸಂಖ್ಯೆಯನ್ನು ಒಂದು ಏರಿಸಿ ಹೋಗಬೇಕು, ಅಂದರೆ ಓದಲು ಬಂದವನೂ ಒಂದಿಷ್ಟು ಬರೆಯಲೇಬೇಕು. ಹಲವು ಕೋರ್‌ಗಳ ಸಂಸ್ಕಾರಕದಲ್ಲಿ ಆ ಒಂದೇ ಸಂಖ್ಯೆಗಾಗಿ ಕೋರ್‌ಗಳು ಎಳೆದಾಡುವುದರಿಂದ, ಓದು ತೀರಾ ಚಿಕ್ಕದಾದಲ್ಲಿ ಸಾಧಾರಣ ಬೀಗವೇ ವೇಗವಾಗಿ ನಡೆಯುವುದುಂಟು. ಓದಿಗೆ ಬೀಗವೇ ಬೇಡದ ದಾರಿಗಳೂ ಇವೆ: ಒರೇಕಲ್, ಪೋಸ್ಟ್‌ಗ್ರೆಸ್‌ನಂಥ ದತ್ತಸಂಚಯಗಳು ದೃಢೀಕೃತ ನಕಲಿನ ದಾರಿಯನ್ನೇ ಹಿಡಿದು, ಓದುಗನಿಗೆ ಒಂದು ಗಳಿಗೆಯ ಆವೃತ್ತಿಯನ್ನು ಕೊಟ್ಟು ಬರೆಯುವವನನ್ನು ಮುಂದೆ ಸಾಗಗೊಡುತ್ತವೆ. 2002ರಿಂದ ಲಿನಕ್ಸಿನ ತಿರುಳಿನಲ್ಲಿರುವ ಆರ್‌ಸಿಯು ವಿಧಾನವೂ ಓದುಗರನ್ನು ತಡೆಯದೆ ಹಳೆಯ ಪ್ರತಿಯನ್ನು ಕೊನೆಯ ಓದುಗ ಹೊರಟ ಮೇಲಷ್ಟೇ ಅಳಿಸುತ್ತದೆ.

2019 ಮತ್ತು 2020ರ ಬ್ಯಾಂಕ್ ವಿಲೀನಗಳ ಬಳಿಕ, ಮೊದಲು ಹೆಸರಿಸಿದ ಹಳೆಯ ನಾಲ್ಕು ಬ್ಯಾಂಕುಗಳಲ್ಲಿ ಮಂಗಳೂರನ್ನೇ ಕೇಂದ್ರವಾಗಿ ಉಳಿಸಿಕೊಂಡದ್ದು ಕರ್ಣಾಟಕ ಬ್ಯಾಂಕ್ ಮಾತ್ರ. ಮೊಬೈಲ್ ಪಾವತಿಯ ಈ ಕಾಲದಲ್ಲಿ ಬ್ಯಾಂಕುಗಳನ್ನು ಕಾಡುವುದು ಓದಿಗಿಂತ ಬರಹ: ದೇವಸ್ಥಾನಕ್ಕೋ ಕಾಲೇಜಿಗೋ ಸೇರಿದ ಒಂದೇ ಖಾತೆಗೆ ಒಂದೇ ಹೊತ್ತಿನಲ್ಲಿ ಸಾವಿರಾರು ಜಮೆಗಳು ಬಂದಾಗ ಒಂದು ಸಾಲಿನ ಬೀಗಕ್ಕೆ ಎಲ್ಲವೂ ಕಾಯಬೇಕಾಗುತ್ತದೆ, ಅಲ್ಲಿ ಓದು-ಬರಹ ಬೀಗ ಯಾವ ಪ್ರಯೋಜನಕ್ಕೂ ಬಾರದು. ಇದಕ್ಕೆ ತಂತ್ರಜ್ಞರು ಬಳಸುವ ಉಪಾಯಗಳಲ್ಲೊಂದು, ಸಣ್ಣ ಜಮೆಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದಿಟ್ಟುಕೊಂಡು ಮೂಲ ಖಾತೆಗೆ ಆಗಾಗ ಒಟ್ಟು ಮೊತ್ತವನ್ನಷ್ಟೇ ಏರಿಸುವುದು. ಪಿಗ್ಮಿ ಏಜೆಂಟರ ಲೆಕ್ಕವೂ ಬಹುಮಟ್ಟಿಗೆ ಹೀಗೆಯೇ ಸಾಗುತ್ತಿತ್ತು.