ಚಿನ್ನಸ್ವಾಮಿ ಕ್ರೀಡಾಂಗಣ: ನೋಡಲು ಹೋದವರ ಕಣ್ಣಿನಿಂದ

ಬೆಂಗಳೂರಿನ ಎಂ.ಜಿ. ರಸ್ತೆ, ಕ್ವೀನ್ಸ್ ರಸ್ತೆ, ಕಬ್ಬನ್ ರಸ್ತೆಗಳ ನಡುವೆ, ಕಬ್ಬನ್ ಉದ್ಯಾನದ ಮಗ್ಗುಲಲ್ಲಿ ಇರುವ ಕ್ರಿಕೆಟ್ ಮೈದಾನ. ಪೂರ್ಣ ಹೆಸರು ಎಂ. ಚಿನ್ನಸ್ವಾಮಿ ಕ್ರೀಡಾಂಗಣ; ಆಟೋದವರಿಗೂ ಅಭಿಮಾನಿಗಳಿಗೂ ಬರೀ ‘ಚಿನ್ನಸ್ವಾಮಿ’. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆಎಸ್‌ಸಿಎ) ಇದನ್ನು ನಡೆಸುತ್ತದೆ. 1972–73ರ ಋತುವಿನಿಂದ ಪ್ರಥಮ ದರ್ಜೆ ಪಂದ್ಯಗಳು, 1974ರಿಂದ ಟೆಸ್ಟ್‌ಗಳು, 1982ರಿಂದ ಏಕದಿನ ಪಂದ್ಯಗಳು, 2008ರಿಂದ ಐಪಿಎಲ್ ಇಲ್ಲಿ ನಡೆದಿವೆ. ಆಟದ ದಾಖಲೆಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಆದರೆ ಮೈದಾನಕ್ಕೆ ಹೋಗಿ ಕೂತು ನೋಡಿ ಮನೆಗೆ ಮರಳುವುದಕ್ಕೂ ಒಂದು ಚರಿತ್ರೆಯಿದೆ. ಈ ಲೇಖನದಲ್ಲಿ ಅದಕ್ಕೇ ಹೆಚ್ಚು ಜಾಗ.

ದಾರಿ

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಂಥ ಊರಿನಿಂದ ಪಂದ್ಯಕ್ಕೆ ಹೊರಡುವವರಿಗೆ ಹಳೆಯ ಆಸರೆ ರೈಲು. ಹಿಂದೂಪುರದ ಕಡೆಯಿಂದ ಬರುವ ಗಾಡಿ ತೊಂಡೇಬಾವಿಯಲ್ಲಿ ನಿಂತು, ಮಾಕಳಿದುರ್ಗದ ಬೆಟ್ಟಗಳ ನಡುವೆ ಸಾಗಿ, ದೊಡ್ಡಬಳ್ಳಾಪುರ, ಯಲಹಂಕ ದಾಟಿ ಬೆಂಗಳೂರು ಸೇರುತ್ತದೆ. ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ನಡೆದಾಗ ಈ ದಾರಿ ಇನ್ನೂ ಮೀಟರ್ ಗೇಜ್. ಮೆಜೆಸ್ಟಿಕ್‌ನಲ್ಲಿ ಇಳಿದವರು ಈಗ ನೇರಳೆ ಮಾರ್ಗದ ಮೆಟ್ರೊ ಹತ್ತಿ ಮೂರನೆಯ ನಿಲ್ದಾಣದಲ್ಲಿ ಇಳಿದರೆ ಕಬ್ಬನ್ ಪಾರ್ಕ್. ಮೇಲೆ ಬಂದರೆ ಕ್ರೀಡಾಂಗಣ ಪಕ್ಕದಲ್ಲೇ.

ಈ ಮೂರು ನಿಲ್ದಾಣಗಳ ಪಯಣದಲ್ಲಿ ಮೈಸೂರು ಸೀಮೆಯ ಕ್ರಿಕೆಟ್ಟಿನ ಅರ್ಧ ಶತಮಾನ ಹಾದುಹೋಗುತ್ತದೆ. ಮೊದಲ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರು. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಿಂದ ಬಂದ ಆ ಹುಡುಗ ಓದಿದ ಸೆಂಟ್ರಲ್ ಕಾಲೇಜು ಇರುವುದು ಅಲ್ಲೇ. ಚಿನ್ನಸ್ವಾಮಿ ಎದ್ದು ನಿಲ್ಲುವ ಮೊದಲು ಬೆಂಗಳೂರಿನ ದೊಡ್ಡ ಪಂದ್ಯಗಳು ನಡೆಯುತ್ತಿದ್ದದ್ದು ಆ ಕಾಲೇಜಿನ ಮೈದಾನದಲ್ಲಿ. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷವೇ, 1934ರ ನವೆಂಬರ್ 4ರಂದು, ರಣಜಿ ಟ್ರೋಫಿಯ ಚರಿತ್ರೆಯ ಮೊದಲ ಪಂದ್ಯವನ್ನು ಮೈಸೂರು ತಂಡ ಮದರಾಸಿನ ಚೆಪಾಕ್‌ನಲ್ಲಿ ಆಡಿತು, ಒಂದೇ ದಿನದಲ್ಲಿ ಸೋತೂ ಬಂದಿತು. ಅಂಥ ತಂಡಕ್ಕೆ ಸ್ವಂತದ್ದೊಂದು ಮೈದಾನವಾಗಲು ಇನ್ನೂ ಮೂವತ್ತೆಂಟು ವರ್ಷ ಬೇಕಾಯಿತು.

ಕಟ್ಟಿದ ಕಾಲ

ಅಡಿಗಲ್ಲು ಬಿದ್ದದ್ದು 1969ರ ಮೇ ತಿಂಗಳಲ್ಲಿ. ಇದರ ಹಿಂದಿದ್ದವರು ಮಂಡ್ಯ ಮೂಲದ ವಕೀಲ ಎಂ. ಚಿನ್ನಸ್ವಾಮಿ. ರಾಜ್ಯ ಸಂಸ್ಥೆಗಾಗಿ ನಾಲ್ಕು ದಶಕ ದುಡಿದ ಅವರು 1977ರಿಂದ 1980ರವರೆಗೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಮೊದಲು ಕೆಎಸ್‌ಸಿಎ ಕ್ರೀಡಾಂಗಣ ಎಂದೇ ಕರೆಸಿಕೊಳ್ಳುತ್ತಿದ್ದ ಜಾಗಕ್ಕೆ ಆಮೇಲೆ ಅವರ ಹೆಸರು ಬಂತು.

ಕಟ್ಟಡ ಇನ್ನೂ ಮುಗಿಯುವ ಮೊದಲೇ ಮೈದಾನ ತನ್ನ ಮೊದಲ ದೊಡ್ಡ ದಿನ ಕಂಡಿತು. 1974ರ ಮಾರ್ಚ್‌ನ ರಣಜಿ ಸೆಮಿಫೈನಲ್‌ನಲ್ಲಿ ಎದುರಾಳಿ ಬಾಂಬೆ. ಸತತ ಹದಿನೈದು ವರ್ಷ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದ ತಂಡ. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಇ.ಎ.ಎಸ್. ಪ್ರಸನ್ನ ನಾಯಕತ್ವದ ಕರ್ನಾಟಕ ಮೊದಲ ಇನಿಂಗ್ಸ್ ಮುನ್ನಡೆಯ ಬಲದಲ್ಲಿ ಬಾಂಬೆಯನ್ನು ಮನೆಗೆ ಕಳಿಸಿತು. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಮಣಿಸಿ ಮೊದಲ ರಣಜಿ ಕಪ್ ತಂದರೂ, ಹಳೆಯ ಪ್ರೇಕ್ಷಕರ ಮಾತಿನಲ್ಲಿ ಕಪ್ ಗೆದ್ದದ್ದು ಬೆಂಗಳೂರಿನಲ್ಲೇ. ಅವರ ಲೆಕ್ಕ ತಪ್ಪೇನಲ್ಲ.

ಶುರುವಿನ ಮತ್ತು ಕೊನೆಯ ಆಟಗಳು

1974ರ ನವೆಂಬರ್ 22ರಂದು ಮೊದಲ ಟೆಸ್ಟ್ ಶುರುವಾಯಿತು, ವೆಸ್ಟ್ ಇಂಡೀಸ್ ವಿರುದ್ಧ. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದು ಮೊದಲ ಟೆಸ್ಟ್. ಕ್ಲೈವ್ ಲಾಯ್ಡ್‌ಗೆ ನಾಯಕನಾಗಿ ಮೊದಲನೆಯದು. ಗ್ರೀನಿಜ್ 93 ಮತ್ತು 107, ಲಾಯ್ಡ್ 163. ರಿಚರ್ಡ್ಸ್ ಮಾತ್ರ ಎರಡೂ ಸಲ ಬಿ.ಎಸ್. ಚಂದ್ರಶೇಖರ್ ಎಸೆತಕ್ಕೆ ಬಲಿಯಾಗಿ 4 ಮತ್ತು 3ಕ್ಕೆ ಹೋದರು. ಭಾರತ 267 ರನ್‌ಗಳಿಂದ ಸೋತಿತು. ಅಂದು ಸ್ಟ್ಯಾಂಡಿನಲ್ಲಿದ್ದವರಿಗೆ ಮುಂದಿನ ಒಂದೂವರೆ ದಶಕ ಜಗತ್ತನ್ನು ಆಳುವ ಬ್ಯಾಟ್ಸ್‌ಮನ್‌ನನ್ನು ನಮ್ಮ ಚಂದ್ರ ಎರಡು ಸಲ ಕೆಡವಿದ್ದನ್ನು ಕಣ್ಣಾರೆ ಕಂಡೆವೆಂದು ಹೇಳಿಕೊಳ್ಳುವ ಹಕ್ಕು ದಕ್ಕಿತು.

ಹೊಸಬರ ಪದಾರ್ಪಣೆ ಮತ್ತು ಹಿರಿಯರ ವಿದಾಯ ಈ ಮೈದಾನದಲ್ಲಿ ಮತ್ತೆ ಮತ್ತೆ ಕೂಡಿಬಂದಿವೆ. ಸುನಿಲ್ ಗಾವಸ್ಕರ್ ಅವರ ಕೊನೆಯ ಟೆಸ್ಟ್ ಇಲ್ಲಿಯೇ, 1987ರ ಮಾರ್ಚ್‌ನಲ್ಲಿ, ಪಾಕಿಸ್ತಾನದ ವಿರುದ್ಧ. ಚೆಂಡು ಬಿದ್ದಲ್ಲಿಂದ ಎಲ್ಲಿಗೆ ತಿರುಗುತ್ತದೋ ತಿಳಿಯದ ಪಿಚ್. ಮಣಿಂದರ್ ಸಿಂಗ್ 27 ರನ್‌ಗೆ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಮುಗಿಸಿದರು. ಭಾರತ ಉತ್ತರವಾಗಿ 145. ಗೆಲ್ಲಲು 221 ಬೇಕಿದ್ದಾಗ ಗಾವಸ್ಕರ್ 96 ರನ್ ತನಕ ನಿಂತರು, ಇಕ್ಬಾಲ್ ಖಾಸಿಂ ಅವರನ್ನು ಔಟ್ ಮಾಡಿದರು, ಪಾಕಿಸ್ತಾನ 16 ರನ್‌ಗಳಿಂದ ಗೆದ್ದಿತು. ಅವರ ಮೂವತ್ತನಾಲ್ಕು ಶತಕಗಳಿಗಿಂತ ಈ ನಾಲ್ಕು ರನ್ ಕಡಿಮೆಯ ಆಟವೇ ಮೇಲೆಂದು ವಾದಿಸುವವರಿದ್ದಾರೆ. ಅಂಥ ಪಿಚ್ ನೋಡಿದರೆ ಆ ವಾದವನ್ನು ತಳ್ಳಿಹಾಕುವುದು ಕಷ್ಟ.

ಮುಂದಿನ ವರ್ಷ ನವೆಂಬರ್‌ನಲ್ಲಿ ರಿಚರ್ಡ್ ಹ್ಯಾಡ್ಲಿ ಇಲ್ಲಿ 374ನೆಯ ವಿಕೆಟ್ ಪಡೆದು ಇಯಾನ್ ಬಾಥಮ್ ದಾಖಲೆ ಮುರಿದರು. ಮೊಹಮದ್ ಅಜರುದ್ದೀನ್ ಅವರ 99ನೆಯ ಮತ್ತು ಕೊನೆಯ ಟೆಸ್ಟ್ 2000ದ ಮಾರ್ಚ್‌ನಲ್ಲಿ, ಅದರಲ್ಲೂ ಶತಕ. 2004ರಲ್ಲಿ ಮೈಕೆಲ್ ಕ್ಲಾರ್ಕ್ ಮೊದಲ ಟೆಸ್ಟ್‌ನಲ್ಲೇ 151. 2018ರ ಜೂನ್‌ನಲ್ಲಿ ಅಫ್ಗಾನಿಸ್ತಾನ ತನ್ನ ಮೊದಲ ಟೆಸ್ಟ್ ಆಡಿ ಎರಡೇ ದಿನದಲ್ಲಿ ಸೋತಿತು. ಭಾರತಕ್ಕೂ ಇದು ಯಾವತ್ತೂ ಸುಲಭದ ಮನೆಯಂಗಳವಲ್ಲ. 2024ರ ಅಕ್ಟೋಬರ್‌ನಲ್ಲಿ ಮಳೆ ನುಂಗಿದ ಮೊದಲ ದಿನದ ಮರುದಿನ, ನ್ಯೂಜಿಲೆಂಡ್ ಎದುರು ತಂಡ 46ಕ್ಕೆ ಉರುಳಿತು. ತವರಿನಲ್ಲಿ ಅದಕ್ಕಿಂತ ಕಡಿಮೆ ಮೊತ್ತ ಭಾರತ ಕಂಡಿಲ್ಲ.

ಹೊನಲು ಬೆಳಕು, ಕೊನೆಯ ಗಾಡಿ

ಪ್ರೇಕ್ಷಕರ ಪಾಲಿಗೆ ನಿಜವಾದ ತಿರುವು 1996. ವಿಶ್ವಕಪ್‌ಗಾಗಿ ದೀಪದ ಕಂಬಗಳು ಎದ್ದವು. ಮಾರ್ಚ್ 9ರಂದು ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಅಲ್ಲಿಯವರೆಗೆ ಹೊರಊರಿನವರು ಸಂಜೆ ಆಟ ಮುಗಿಸಿಕೊಂಡು ಗಾಡಿ ಹಿಡಿದು ಊರು ಸೇರಬಹುದಿತ್ತು. ಹೊನಲು ಬೆಳಕಿನ ಪಂದ್ಯ ಬಂದ ಮೇಲೆ ಊಟದ ಹೊತ್ತಿಗೂ ಫಲಿತಾಂಶ ಇಲ್ಲ. ನಗರದಲ್ಲಿ ನೆಂಟರ ಮನೆ ಇರುವವರು ಮತ್ತು ಇಲ್ಲದವರು ಎಂಬ ಎರಡು ಪಂಗಡ ಆಗ ಹುಟ್ಟಿಕೊಂಡಿತು. ಇಲ್ಲದವರಿಗೆ ಮೆಜೆಸ್ಟಿಕ್‌ನ ಪ್ಲಾಟ್‌ಫಾರಂ, ಬೆಳಗಿನ ಮೊದಲ ಗಾಡಿ.

ಆ ರಾತ್ರಿ ಮಾತ್ರ ಯಾರಿಗೂ ಬೇಸರವಾಗಿರಲಾರದು. ನವಜೋತ್ ಸಿಧು 93; ಕೊನೆಯಲ್ಲಿ ಅಜಯ್ ಜಡೇಜ 25 ಎಸೆತಗಳಲ್ಲಿ 45, ಅದೂ ವಖಾರ್ ಯೂನಿಸ್‌ರಂಥ ಬೌಲರ್‌ಗೆ ದಿಕ್ಕು ತಪ್ಪಿಸಿ. ಪಾಕಿಸ್ತಾನದ ಆಮಿರ್ ಸೊಹೇಲ್ ಒಂದು ಬೌಂಡರಿ ಹೊಡೆದು, ಮುಂದಿನದೂ ಅಲ್ಲಿಗೇ ಎಂದು ಬ್ಯಾಟಿನಿಂದ ತೋರಿಸಿದರು. ಬೆಂಗಳೂರಿನವರೇ ಆದ ವೆಂಕಟೇಶ್ ಪ್ರಸಾದ್ ಮುಂದಿನ ಎಸೆತದಲ್ಲೇ ಸ್ಟಂಪ್ ಹಾರಿಸಿದರು. ಭಾರತ 39 ರನ್‌ಗಳಿಂದ ಗೆದ್ದಿತು. ಜಾವೆದ್ ಮಿಯಾಂದಾದ್ ಅವರ ಅಂತರರಾಷ್ಟ್ರೀಯ ಬದುಕು ಅಲ್ಲಿಗೆ ಮುಗಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟೈಟನ್ ಕಪ್‌ನ ಪಂದ್ಯದಲ್ಲಿ ಆಸ್ಟ್ರೇಲಿಯ ಎದುರು ಎಂಟು ವಿಕೆಟ್ ಬಿದ್ದು ಕೈಚೆಲ್ಲಿ ಕೂತಾಗ, ಅನಿಲ್ ಕುಂಬ್ಳೆ ಮತ್ತು ಜಾವಗಲ್ ಶ್ರೀನಾಥ್ ಮುರಿಯದ 52 ರನ್ ಸೇರಿಸಿ ಗೆಲ್ಲಿಸಿದರು. ಕುಂಬ್ಳೆ ಹೆಸರಿನ ವೃತ್ತ ಈಗ ಕ್ರೀಡಾಂಗಣದ ಹತ್ತಿರದಲ್ಲೇ, ಎಂ.ಜಿ. ರಸ್ತೆಯಲ್ಲಿದೆ.

ಖಾಲಿ ಸ್ಟ್ಯಾಂಡಿನ ಸುಖ

ಟಿಕೆಟ್‌ಗೆ ದುಡ್ಡಿಲ್ಲದ, ನೂಕುನುಗ್ಗಲು ಬೇಡದ ನೋಡುಗರಿಗೆ ರಣಜಿ ಪಂದ್ಯವೇ ಒಳ್ಳೆಯದು. ಸಾಮಾನ್ಯವಾಗಿ ಪ್ರವೇಶ ಉಚಿತ. ಬೆಳಿಗ್ಗೆ ಹೋಗಿ ನೆರಳು ನೋಡಿಕೊಂಡು ಕೂತರೆ ಆಟಗಾರರ ಮಾತೂ ಕೇಳಿಸುತ್ತದೆ. ಇಂಥ ಪಂದ್ಯಗಳ ಕಥೆಯೂ ಸಣ್ಣದಲ್ಲ. 1998–99ರ ರಣಜಿ ಫೈನಲ್‌ನಲ್ಲಿ ಮಧ್ಯಪ್ರದೇಶ ಗೆಲುವಿನ ಹಾದಿಯಲ್ಲಿದ್ದಾಗ ವಿಜಯ್ ಭಾರದ್ವಾಜ್ ಆರು ವಿಕೆಟ್ ಕಿತ್ತು ಪಂದ್ಯವನ್ನು ಕರ್ನಾಟಕದ ಕಡೆಗೆ ತಿರುಗಿಸಿದರು. ಸೋತ ನಾಯಕ ಚಂದ್ರಕಾಂತ್ ಪಂಡಿತ್. ಇಪ್ಪತ್ಮೂರು ವರ್ಷಗಳ ಮೇಲೆ, 2022ರ ಜೂನ್‌ನಲ್ಲಿ, ಇದೇ ಮೈದಾನದಲ್ಲಿ ಮುಂಬೈಯನ್ನು ಸೋಲಿಸಿ ಮಧ್ಯಪ್ರದೇಶ ಮೊದಲ ಸಲ ರಣಜಿ ಗೆದ್ದಾಗ ತಂಡದ ತರಬೇತುದಾರ ಅದೇ ಪಂಡಿತ್. ಹುಡುಗರು ಅವರನ್ನು ಹೆಗಲ ಮೇಲೆ ಹೊತ್ತರು. ಆ ದಿನ ಕರ್ನಾಟಕ ಆಡುತ್ತಿರಲಿಲ್ಲ. ಹಾಗಾಗಿ ನಮ್ಮ ಊರಿನವರೂ ಮನಸಾರೆ ಚಪ್ಪಾಳೆ ತಟ್ಟಬಹುದಿತ್ತು.

ಐಪಿಎಲ್ ಕಾಲ

2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ ಇಲ್ಲಿಯೇ ನಡೆಯಿತು. ಬ್ರೆಂಡನ್ ಮೆಕಲಂ 73 ಎಸೆತಗಳಲ್ಲಿ ಔಟಾಗದೆ 158 ಹೊಡೆದರು. ತವರಿನ ರಾಯಲ್ ಚಾಲೆಂಜರ್ಸ್ (ಆರ್‌ಸಿಬಿ) 82ಕ್ಕೆ ಆಲೌಟ್. 2013ರ ಏಪ್ರಿಲ್‌ನಲ್ಲಿ ಕ್ರಿಸ್ ಗೇಲ್ 66 ಎಸೆತಗಳಲ್ಲಿ ಔಟಾಗದೆ 175 ಬಾರಿಸಿ ಆ ಬಾಕಿ ತೀರಿಸಿದರು. ಊರು ಸಮುದ್ರಮಟ್ಟದಿಂದ ಒಂಬತ್ತುನೂರು ಮೀಟರಿಗಿಂತ ಎತ್ತರ, ಗಾಳಿ ತೆಳು, ಬೌಂಡರಿ ಹತ್ತಿರ. ಬೌಲರ್‌ಗಳ ದೂರು ಹೊಸತೇನಲ್ಲ. 2011ರ ವಿಶ್ವಕಪ್‌ನಲ್ಲಿ ಭಾರತ–ಇಂಗ್ಲೆಂಡ್ ಪಂದ್ಯ 338ರಲ್ಲಿ ಸಮವಾಯಿತು. ಅದಾಗಿ ಮೂರು ದಿನಕ್ಕೇ ಕೆವಿನ್ ಓಬ್ರಯನ್ 50 ಎಸೆತಗಳಲ್ಲಿ ಶತಕ ಹೊಡೆದು ಐರ್ಲೆಂಡ್‌ಗೆ ಇಂಗ್ಲೆಂಡ್ ವಿರುದ್ಧ ಗೆಲುವು ತಂದರು.

ಐಪಿಎಲ್ ಬಂದ ಮೇಲೆ ಕೌಂಟರ್ ಮುಂದೆ ರಾತ್ರಿಯೆಲ್ಲ ಕ್ಯೂ ನಿಲ್ಲುವುದು ಕಡಿಮೆಯಾಗಿ ಟಿಕೆಟ್ ಮೊಬೈಲಿಗೆ ಬಂತು. ತೊಂಡೇಬಾವಿಯ ಹುಡುಗನಿಗೂ ಎಂ.ಜಿ. ರಸ್ತೆಯ ಹುಡುಗನಿಗೂ ಆ ಮಟ್ಟಿಗೆ ಅಂತರ ಕಡಿಮೆಯಾದರೂ ದರ ಇಬ್ಬರ ಕೈಗೂ ಎಟುಕುವಂತಿಲ್ಲ. ಪಂದ್ಯದ ರಾತ್ರಿ ಮೆಟ್ರೊ ತಡವಾಗಿ ಓಡುತ್ತದೆ; ಮೆಜೆಸ್ಟಿಕ್ ಮುಟ್ಟಿದ ಮೇಲೆ ಗೌರಿಬಿದನೂರಿನ ಕಡೆಯ ಗಾಡಿಗೆ ಬೆಳಗಾಗಬೇಕು.

ಆಟವಿಲ್ಲದ ದಿನ

ಲಂಡನ್ನಿನ ಲಾರ್ಡ್ಸ್‌ನಲ್ಲಿ ಮಾರ್ಗದರ್ಶಿಯೊಡನೆ ಮೈದಾನ ಸುತ್ತುವುದೇ ಒಂದು ಪ್ರವಾಸ. ಲಾಂಗ್ ರೂಂ, ಶತಕವೀರರ ಹೆಸರಿನ ಫಲಕ, ವಸ್ತುಸಂಗ್ರಹಾಲಯದಲ್ಲಿ ಆ್ಯಷಸ್ ಕಲಶ, 1936ರಲ್ಲಿ ಜಹಾಂಗೀರ್ ಖಾನ್ ಎಸೆದ ಚೆಂಡಿಗೆ ಸತ್ತ ಗುಬ್ಬಚ್ಚಿ ಕೂಡ. ಮೆಲ್ಬರ್ನ್‌ನಲ್ಲೂ ಹಾಗೆಯೇ. ನಮ್ಮಲ್ಲಿ ಮೈದಾನ ನೋಡುವುದೆಂದರೆ ಪಂದ್ಯ ನೋಡುವುದೇ ಎಂಬ ರೂಢಿ ಬಲವಾಗಿದೆ. ಮಾರ್ಗದರ್ಶಿಯೊಬ್ಬ ಚಿನ್ನಸ್ವಾಮಿಯೊಳಗೆ ತೋರಿಸಬಹುದಾದ ಸಂಗತಿಗಳಿಗೇನೂ ಬರವಿಲ್ಲ. ಪೆವಿಲಿಯನ್ ತುದಿ, ಎದುರಿಗೆ ಬಿಇಎಂಎಲ್ ತುದಿ. 2015ರಲ್ಲಿ ಛಾವಣಿಗೆ ಹಾಕಿದ ಸೌರ ಫಲಕಗಳಿಂದ ಬರುವ ವಿದ್ಯುತ್ತಿನಲ್ಲಿ ಹೆಚ್ಚಾದದ್ದು ಬೆಸ್ಕಾಂ ಜಾಲಕ್ಕೆ ಹೋಗುತ್ತದೆ. 2017ರಲ್ಲಿ ಹುಲ್ಲಿನಡಿ ಅಳವಡಿಸಿದ ಸಬ್‌ಏರ್ ಕೊಳವೆಗಳು ಮಳೆನೀರನ್ನು ಕೆಳಕ್ಕೆ ಎಳೆದುಕೊಳ್ಳುತ್ತವೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟ ಶುರುವಾಗುವುದು ಅದರಿಂದ. ಮಳೆಯನ್ನೇ ನಿಲ್ಲಿಸುವ ಯಂತ್ರ ಅದಲ್ಲವೆಂಬುದು 2024ರ ಟೆಸ್ಟ್‌ನ ಮೊದಲ ದಿನ ಕಾದು ಕೂತವರಿಗೆ ಗೊತ್ತು. 2000ದಿಂದ ಇಲ್ಲಿದ್ದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ 2024ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣದ ಸಮೀಪದ ಹೊಸ ಆವರಣಕ್ಕೆ ಹೋಯಿತು.

2025

ಆರ್‌ಸಿಬಿ ಹದಿನೆಂಟನೆಯ ಋತುವಿನಲ್ಲಿ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಕಪ್ ಗೆದ್ದಿತು. ಮರುದಿನ ಸಂಭ್ರಮಾಚರಣೆಗೆ ಜನ ಕ್ರೀಡಾಂಗಣದ ಸುತ್ತ ಸಾಗರವಾಗಿ ಸೇರಿದರು. ಸುಮಾರು 35 ಸಾವಿರ ಜನ ಹಿಡಿಸುವ ಜಾಗ. ಬಂದವರು ಅದರ ಎಷ್ಟೋ ಪಟ್ಟು. ಗೇಟುಗಳ ಬಳಿ ಕಾಲ್ತುಳಿತವಾಗಿ ಹನ್ನೊಂದು ಮಂದಿ ಸತ್ತರು. ಅವರಲ್ಲಿ ಬಹುತೇಕರು ಎಳೆಯರು.

ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ, ಭಾರಿ ಜನಸಂದಣಿಗೆ ಈ ಕ್ರೀಡಾಂಗಣದ ವಿನ್ಯಾಸ ಸುರಕ್ಷಿತವಲ್ಲ ಎಂದು ಹೇಳಿತು. ಗೇಟುಗಳು ನೇರ ರಸ್ತೆಗೆ ತೆರೆದುಕೊಳ್ಳುತ್ತವೆ, ಕಾಯುವವರು ಫುಟ್‌ಪಾತ್ ಮೇಲೇ ನಿಲ್ಲಬೇಕು. 1970ರ ನಗರಕ್ಕೆ ಕಟ್ಟಿದ ಗೇಟುಗಳವು. ಮೊಬೈಲಿನ ಒಂದು ಸಂದೇಶಕ್ಕೆ ಲಕ್ಷ ಜನ ಹೊರಡುವ ಕಾಲ ಆಗ ಯಾರ ಊಹೆಯಲ್ಲೂ ಇರಲಿಲ್ಲ. ಆದರೆ ಅದಾದ ಮೇಲೆ ಐವತ್ತು ವರ್ಷ ಸಮಯವಿತ್ತು.

ಅದೇ ವರ್ಷದ ಮಹಿಳಾ ವಿಶ್ವಕಪ್‌ನ ಪಂದ್ಯಗಳು ಬೆಂಗಳೂರಿನ ಕೈತಪ್ಪಿದವು. ಭಾರತದ ಹೆಣ್ಣುಮಕ್ಕಳು ನವೆಂಬರ್ 2ರಂದು ವಿಶ್ವಕಪ್ ಎತ್ತಿ ಹಿಡಿದದ್ದು ನವಿ ಮುಂಬೈಯಲ್ಲಿ. ಡಿಸೆಂಬರ್‌ನಲ್ಲಿ ಕೆಎಸ್‌ಸಿಎ ಅಧ್ಯಕ್ಷರಾಗಿ ವೆಂಕಟೇಶ್ ಪ್ರಸಾದ್ ಆಯ್ಕೆಯಾದರು. ದೊಡ್ಡ ಪಂದ್ಯಗಳು ಇಲ್ಲಿಗೆ ಮರಳಬೇಕಾದರೆ ಗೇಟು, ದಾರಿ, ಕಾಯುವ ಜಾಗಗಳನ್ನು ಹೇಗೆ ಬದಲಿಸಬೇಕು ಎಂಬ ಪ್ರಶ್ನೆ ಅವರ ಮೇಜಿನ ಮೇಲಿತ್ತು.